ಈ ಕಥೆ ಹೇಳುತ್ತಿರುವವರು ಯಾರು?



ನಮ್ಮ ಆಸ್ಪತ್ರೆಗಳಲ್ಲಿ ದೊಡ್ಡ ತೀರ್ಮಾನಗಳು ರೋಗಿಯ ಮಂಚದ ಪಕ್ಕದಲ್ಲಿ ಆಗುವುದು ಕಡಿಮೆ. ಅವು ಆಗುವುದು ವೆರಾಂಡದಲ್ಲಿ. ಡಾಕ್ಟರು ರೌಂಡ್ಸ್ ಮುಗಿಸಿ ಹೊರಟರೆ ಮಗನೋ ಅಳಿಯನೋ ಹಿಂದೆಯೇ ಬರುತ್ತಾನೆ. ಕೈಯಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು. ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ದನಿ ತಗ್ಗಿಸಿ, "ಸಾರ್, ರಿಪೋರ್ಟು ಬಂತಂತೆ. ಅಮ್ಮನಿಗೆ ಮಾತ್ರ ಗೊತ್ತಾಗೋದು ಬೇಡ. ಗ್ಯಾಸ್ಟ್ರಿಕ್ ಅಂತ ಹೇಳಿದ್ದೀವಿ" ಅನ್ನುತ್ತಾನೆ. ಡಾಕ್ಟರು ತಲೆಯಾಡಿಸಿ ಮುಂದಿನ ವಾರ್ಡಿಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಸಿನಿಮಾದಲ್ಲೂ ಹೀಗೇ ಅಲ್ಲವೇ? ಆಪರೇಷನ್ ಥಿಯೇಟರಿನ ಕೆಂಪು ದೀಪ ಆರುತ್ತದೆ, ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದು ಮನೆಯವರ ಹೆಗಲ ಮೇಲೆ ಕೈಯಿಡುತ್ತಾರೆ. ರೋಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು ನೇರವಾಗಿ ಹೇಳುವ ಡಾಕ್ಟರನ್ನು ನಮ್ಮ ಬೆಳ್ಳಿತೆರೆಯ ಮೇಲೆ ದೀಪ ಹಚ್ಚಿ ಹುಡುಕಬೇಕು.

ಆ ಮಗನನ್ನು ಬಯ್ಯಲು ನಾನು ಬಂದಿಲ್ಲ. ಅವನ ಕಕ್ಕುಲಾತಿ ನಿಜವಾದದ್ದೇ. ಆದರೆ ಯಾರ ಹೊಟ್ಟೆಯೊಳಗೆ ಗಡ್ಡೆ ಬೆಳೆದಿದೆಯೋ ಅವರೊಬ್ಬರು ಆ ವೆರಾಂಡದ ಮಾತಿನಲ್ಲಿ ಇರುವುದಿಲ್ಲ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ನೀತಿಯ ಪಾಠ ಹೇಳುವವನು. ಆ ಪಾಠಕ್ಕೆ ಕಥೆ, ಕಾದಂಬರಿ, ರೋಗಿಗಳೇ ಬರೆದ ಅನುಭವಗಳನ್ನು ಯಾಕೆ ತರುತ್ತೇನೆ, ಅವು ಎಲ್ಲಿ ಕೈಹಿಡಿಯುತ್ತವೆ, ಎಲ್ಲಿ ಕೈಕೊಡುತ್ತವೆ ಎಂದು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಪಠ್ಯಪುಸ್ತಕದಲ್ಲಿ ನೀತಿಗೆ ನಾಲ್ಕು ಸೂತ್ರಗಳಿವೆ. 1979ರಲ್ಲಿ ಅಮೆರಿಕದ ಟಾಮ್ ಬೀಚಮ್ ಮತ್ತು ಜೇಮ್ಸ್ ಚಿಲ್ಡ್ರೆಸ್ ಎಂಬ ಇಬ್ಬರು ವಿದ್ವಾಂಸರು ಒಂದು ಗ್ರಂಥದಲ್ಲಿ ಅವನ್ನು ಕಟ್ಟಿಕೊಟ್ಟರು: ರೋಗಿಯ ಇಚ್ಛೆಯನ್ನು ಗೌರವಿಸು, ಒಳ್ಳೆಯದನ್ನು ಮಾಡು, ಕೆಡುಕು ಮಾಡಬೇಡ, ಎಲ್ಲರಿಗೂ ನ್ಯಾಯವಾಗಿರು. ಇವತ್ತು ಜಗತ್ತಿನ ಬಹುಪಾಲು ವೈದ್ಯಕೀಯ ಕಾಲೇಜುಗಳಲ್ಲಿ ಇದೇ ಪಾಠ. ನಮ್ಮ ದೇಶದಲ್ಲೂ 2019ರಲ್ಲಿ ಸೇರಿದ ಎಂಬಿಬಿಎಸ್ ತಂಡದಿಂದ ಮನೋಭಾವ, ನೀತಿ, ಸಂವಹನ ಮೂರನ್ನೂ ಸೇರಿಸಿ ಕಡ್ಡಾಯ ಪಾಠ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಪಾಠದಲ್ಲಿ ಬರುವ ರೋಗಿ ಎಂಥವನು? "ಎಪ್ಪತ್ತೆರಡು ವರ್ಷದ ಗಂಡಸು, ಶ್ವಾಸಕೋಶದ ಕ್ಯಾನ್ಸರ್, ಮನೆಯವರು ವಿಷಯ ಮುಚ್ಚಿಡಲು ಕೋರುತ್ತಾರೆ. ನೀವು ಏನು ಮಾಡುತ್ತೀರಿ?" ಇಷ್ಟೇ. ಅವನಿಗೆ ಊರಿಲ್ಲ, ಕಸುಬಿಲ್ಲ, ಸಾಲವಿಲ್ಲ, ಹೆಂಡತಿಯ ಮೇಲಿನ ಹಳೆಯ ಮುನಿಸಿಲ್ಲ. ಇಂಥವನಿಗೆ ಸೂತ್ರ ಅನ್ವಯಿಸುವುದು ಬಲು ಸುಲಭ. ಹುಡುಗರು ನಾಲ್ಕೂ ಸೂತ್ರ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ. ಆಮೇಲೆ ಹೌಸ್‌ಸರ್ಜನ್ ಆಗಿ ವೆರಾಂಡಕ್ಕೆ ಬಂದಾಗ ಒಂದೂ ನೆನಪಾಗುವುದಿಲ್ಲ. ಅಲ್ಲಿ ಎದುರಿಗೆ ನಿಂತಿರುವುದು ನಡುಗುವ ದನಿಯ ಒಬ್ಬ ಮಗ.

ಅದಕ್ಕೇ ನಾನು ತರಗತಿಯಲ್ಲಿ ಒಂದು ಕಟ್ಟುಕಥೆ ಕೊಡುತ್ತೇನೆ. ಗಂಗಮ್ಮ ಅಂತಿಟ್ಟುಕೊಳ್ಳಿ. ಅರವತ್ತೆಂಟು ವರ್ಷ, ಹಾಸನದ ಕಡೆಯ ಊರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರು, ಲಿವರಿಗೂ ಹಬ್ಬಿದೆ. ಕೀಮೋ ಕೊಟ್ಟರೆ ಕೆಲವು ತಿಂಗಳು ಹೆಚ್ಚಿಗೆ ಸಿಕ್ಕೀತು, ಸಿಗದೆಯೂ ಹೋದೀತು. ಮಗ ಕೀಮೋ ಆಗಲೇಬೇಕು ಅನ್ನುತ್ತಾನೆ, ತಾಯಿಗೆ ಹೇಳಕೂಡದು ಅನ್ನುತ್ತಾನೆ. ಇಷ್ಟು ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚುತ್ತೇನೆ: ನೀನು ಮಗ, ನೀನು ರಾತ್ರಿ ಪಾಳಿಯ ಸಿಸ್ಟರು, ನೀನು ಆಯಾ, ನೀನು ಬಿಲ್ಲಿಂಗ್ ಕೌಂಟರಿನ ಗುಮಾಸ್ತ. ಒಂದು ಪುಟ ಬರೆಯಿರಿ. ಷರತ್ತು ಒಂದೇ: ಸರಿ, ತಪ್ಪು, ಹಕ್ಕು, ಕರ್ತವ್ಯ ಈ ನಾಲ್ಕು ಪದ ಬಳಸುವಂತಿಲ್ಲ.

ಮಗನಾಗಿ ಬರೆದ ಒಬ್ಬ ಹುಡುಗ ಏನು ಮಾಡಿದ್ದ ಗೊತ್ತೇ? ಆರು ತಿಂಗಳ ಹಿಂದೆಯೇ ಅಮ್ಮ ಹೊಟ್ಟೆನೋವು ಅಂದಿದ್ದಳು, ಆಗ ಶುಂಠಿ ಕೀಳುವ ಕಾಲ, ಆಳು ಸಿಕ್ಕಿದ್ದೇ ಹೆಚ್ಚು, ಮುಂದಿನ ವಾರ ನೋಡೋಣ ಅಂದಿದ್ದ. ಮುಂದಿನ ವಾರ ಬರಲೇ ಇಲ್ಲ. ಹಾಗಾದರೆ "ಅಮ್ಮನಿಗೆ ಹೇಳಬೇಡಿ" ಅನ್ನುವುದರ ಅರ್ಥವೇ ಬೇರೆ ಆಯಿತು. ಅವನು ಮುಚ್ಚಿಡಲು ಬೇಡಿಕೊಳ್ಳುತ್ತಿದ್ದದ್ದು ರೋಗವನ್ನಲ್ಲ, ಶುಂಠಿಯ ಆ ವಾರವನ್ನು. ಬಿಲ್ಲಿಂಗ್ ಗುಮಾಸ್ತನ ಪುಟದಲ್ಲಿ ಇನ್ನೊಂದು ಸಂಗತಿ: ಮಗ ಹಳೆಯ ಕಾರೊಂದನ್ನು ಕೊಂಡು ಮನೆಯ ಬಿಪಿಎಲ್ ಕಾರ್ಡು ಕಳೆದುಕೊಂಡಿದ್ದಾನೆ, ಈಗ ಕೀಮೋ ಖರ್ಚಿನ ಅಂದಾಜು ಪಟ್ಟಿ ಹಿಡಿದು ಕೌಂಟರಿನ ಮುಂದೆ ಸುಮ್ಮನೆ ನಿಂತಿದ್ದಾನೆ. ಆಯಾಳಾಗಿ ಬರೆದವಳು ಒಬ್ಬ ಹುಡುಗಿ. ಅವಳ ಪುಟದಲ್ಲಿ ಗಂಗಮ್ಮ ರಾತ್ರಿ ಎರಡು ಗಂಟೆಗೆ ಎದ್ದು, ಓಲೆ ಬಿಚ್ಚಿ, ಕರ್ಚೀಪಿನಲ್ಲಿ ಗಂಟು ಹಾಕಿ ದಿಂಬಿನ ಕೆಳಗೆ ಇಡುತ್ತಾಳೆ. "ಈ ವಾರ್ಡಿಂದ ಯಾರಾದ್ರೂ ತಮ್ಮ ಕಾಲ ಮೇಲೆ ನಡ್ಕೊಂಡು ಮನೆಗೆ ಹೋಗಿದ್ದಾರೇನವ್ವಾ?" ಅಂತ ಆಯಾಳನ್ನು ಕೇಳುತ್ತಾಳೆ. ಉತ್ತರಕ್ಕೆ ಕಾಯದೆ, "ನಮ್ಮ ಹುಡುಗನ ಹತ್ರ ಏನೂ ಅನ್ನಬೇಡ, ಅವನು ತಡ್ಕಳಲ್ಲ" ಅನ್ನುತ್ತಾಳೆ.

ಅಂದರೆ ತಾಯಿಗೆ ಗೊತ್ತು. ಮಗನಿಗೂ ಗೊತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಎರಡು ಗೋಡೆ ಕಟ್ಟಿಕೊಂಡಿದ್ದಾರೆ. ಈಗ ಡಾಕ್ಟರ ಮುಂದಿರುವ ಪ್ರಶ್ನೆ ಹೇಳಬೇಕೋ ಬೇಡವೋ ಎಂಬುದಾಗಿ ಉಳಿದಿಲ್ಲ. ಈ ಇಬ್ಬರನ್ನು ಒಂದು ಕೋಣೆಯಲ್ಲಿ ಹೇಗೆ ಕೂರಿಸುವುದು, ಯಾರ ಬಾಯಿಂದ ಮೊದಲ ಮಾತು ಬರಬೇಕು ಎಂಬ ಪ್ರಶ್ನೆಯಾಗಿದೆ. ಸೂತ್ರಗಳು ಸುಳ್ಳಾಗಲಿಲ್ಲ, ಅವಕ್ಕೆ ಕೆಲಸ ಸಿಕ್ಕಿತು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೀಟಾ ಶರಾನ್ ಎಂಬ ವೈದ್ಯೆ ಇಂಥ ಅಭ್ಯಾಸವನ್ನು ಒಂದು ಶಿಸ್ತಾಗಿಯೇ ಬೆಳೆಸಿದರು. ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿದ ಫಿಸಿಷಿಯನ್ ಅವರು. ಅವರ ವಿದ್ಯಾರ್ಥಿಗಳಿಗೆ ಎರಡು ಕೇಸ್ ಶೀಟು. ಒಂದು ಆಸ್ಪತ್ರೆಯದು: ನಾಡಿ, ರಕ್ತದೊತ್ತಡ, ಸಕ್ಕರೆ, ಔಷಧ. ಅದರಲ್ಲಿ ಬರೆಯಲು ಜಾಗವಿಲ್ಲದ್ದೆಲ್ಲ ಇನ್ನೊಂದರಲ್ಲಿ. ಈ ರೋಗಿಯನ್ನು ಕಂಡರೆ ನನಗೆ ತೀರಿಕೊಂಡ ತಾತ ನೆನಪಾಗುತ್ತಾರೆ, ಈ ಹೆಂಗಸು ಬಾಯಿಬಿಟ್ಟರೆ ನನಗೆ ಸಿಟ್ಟು ಬರುತ್ತದೆ, ಯಾಕೆ ಅಂತ ಗೊತ್ತಿಲ್ಲ, ಈ ಥರ. ಶರಾನ್ ಅವರ ಪುಸ್ತಕ 2006ರಲ್ಲಿ ಬಂತು. ಆ ಹೊತ್ತಿಗಾಗಲೇ ಹಾರ್ವರ್ಡಿನ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1988ರಲ್ಲೇ ರೋಗಿಯ ಕಥನವನ್ನು ಚಿಕಿತ್ಸೆಯ ಭಾಗವೆಂದು ವಾದಿಸಿದ್ದರು. ನಮ್ಮಲ್ಲೂ ಮುಂಬೈಯಿಂದ 1993ರಿಂದ ಒಂದು ವೈದ್ಯಕೀಯ ನೀತಿ ಪತ್ರಿಕೆ ಹೊರಡುತ್ತಿದೆ, ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ನೀತಿಯ ಪಾಠಕ್ಕೆ ಬಹಳ ಹಳೆಯ ಪರಂಪರೆ ಇದೆ. ಇದು ಪಶ್ಚಿಮದಿಂದ ಬಂದ ಹೊಸ ಶೋಕಿ ಎಂದು ಮೂಗು ಮುರಿಯುವವರಿಗೆ ಈ ಮಾತು.

ಇನ್ನು ಕಥೆಗಳಿಗೆ ಬರೋಣ. ಟಾಲ್‌ಸ್ಟಾಯ್ 1886ರಲ್ಲಿ ಬರೆದ 'ಇವಾನ್ ಇಲ್ಯಿಚ್‌ನ ಸಾವು' ಎಲ್ಲರೂ ಉದಾಹರಿಸುವ ಕೃತಿ, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸಾಯುತ್ತಿರುವ ನ್ಯಾಯಾಧೀಶನನ್ನು ರೋಗಕ್ಕಿಂತ ಹೆಚ್ಚು ಹಿಂಸಿಸುವುದು ಸುತ್ತಲಿನವರ ನಾಟಕ. ಅವನು ಬರೀ ಕಾಯಿಲೆಯವನು, ಸಾಯುತ್ತಿಲ್ಲ ಎಂದು ಹೆಂಡತಿ, ಡಾಕ್ಟರು, ಸ್ನೇಹಿತರು ಎಲ್ಲರೂ ನಟಿಸುತ್ತಾರೆ. ನಟಿಸದವನು ಗೆರಾಸಿಮ್ ಎಂಬ ಆಳು ಒಬ್ಬನೇ. ನಮ್ಮ ವೆರಾಂಡದ ಮಗನಿಗೆ ಕೊಡಬಹುದಾದ ಪುಸ್ತಕ ಇದು. ಕೊಟ್ಟರೆ ಓದುತ್ತಾನೆಯೇ ಎಂಬುದು ಬೇರೆ ಮಾತು.

ನನಗೆ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಒಂದು ಪುಟ್ಟ ಕಥೆ. ಬರೆದವರು ವಿಲಿಯಂ ಕಾರ್ಲೋಸ್ ವಿಲಿಯಮ್ಸ್. ಅಮೆರಿಕದ ದೊಡ್ಡ ಕವಿ, ಜೊತೆಗೆ ನ್ಯೂಜೆರ್ಸಿಯ ಒಂದು ಊರಿನಲ್ಲಿ ಜೀವಮಾನವಿಡೀ ಪ್ರಾಕ್ಟೀಸು ಮಾಡಿದ ಡಾಕ್ಟರು. 1938ರ ಕಥೆ. ಡಾಕ್ಟರು ಒಂದು ಬಡವರ ಮನೆಗೆ ಹೋಗುತ್ತಾನೆ. ಅಡುಗೆಮನೆಯಲ್ಲಿ ಅಪ್ಪನ ತೊಡೆಯ ಮೇಲೆ ಜ್ವರದಿಂದ ಕೆಂಪಾದ ಮುದ್ದಾದ ಹುಡುಗಿ. ಆಗ ಊರಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ ಇದೆ. ಗಂಟಲು ನೋಡಲೇಬೇಕು. ಹುಡುಗಿ ಬಾಯಿ ತೆರೆಯುವುದಿಲ್ಲ. ಪುಸಲಾಯಿಸುತ್ತಾನೆ, ಇಲ್ಲ. ಕನ್ನಡಕಕ್ಕೆ ಕೈಹಾಕಿ ಬೀಳಿಸುತ್ತಾಳೆ. ನಾಲಿಗೆ ಒತ್ತುವ ಮರದ ಪಟ್ಟಿಯನ್ನು ಕಚ್ಚಿ ಸಿಬಿರು ಸಿಬಿರು ಮಾಡುತ್ತಾಳೆ, ಬಾಯಲ್ಲಿ ರಕ್ತ. ಕೊನೆಗೆ ಒಂದು ಭಾರದ ಚಮಚ ತರಿಸಿ ಬಲವಂತವಾಗಿ ಬಾಯಿ ತೆರೆಸುತ್ತಾನೆ. ಗಂಟಲಿನಲ್ಲಿ ಪೊರೆ ಕಟ್ಟಿದೆ. ಹುಡುಗಿ ಮೂರು ದಿನದಿಂದ ಅಪ್ಪ ಅಮ್ಮನಿಗೆ ಸುಳ್ಳು ಹೇಳಿ ನೋವನ್ನು ಮುಚ್ಚಿಟ್ಟಿದ್ದಳು.

ಡಾಕ್ಟರು ಮಾಡಿದ್ದು ಜೀವ ಉಳಿಸುವ ಕೆಲಸ, ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ. ಆದರೆ ಕಥೆ ಹೇಳುತ್ತಿರುವವನೂ ಅವನೇ, ಮತ್ತು ಅವನು ಪ್ರಾಮಾಣಿಕ. ಚಮಚ ಹಿಡಿದ ಆ ಗಳಿಗೆಯಲ್ಲಿ ತನ್ನನ್ನು ನಡೆಸಿದ್ದು ಮಗುವಿನ ಹಿತ ಮಾತ್ರವಲ್ಲ, ಅವಳನ್ನು ಸೋಲಿಸಬೇಕೆಂಬ ರೋಷ, ಅದರಲ್ಲಿ ಒಂದು ಸುಖವೂ ಇತ್ತು ಎಂದು ಒಪ್ಪಿಕೊಳ್ಳುತ್ತಾನೆ. ಯಾವ ಕೇಸ್ ಶೀಟಿನಲ್ಲಿ ಇದನ್ನು ಬರೆಯಲು ಸಾಧ್ಯ? ಹೆರಿಗೆ ವಾರ್ಡಿನಲ್ಲಿ ನೋವಿನಿಂದ ಕೂಗುವ ಹೆಂಗಸನ್ನು ಗದರುವುದು, ಇಂಜೆಕ್ಷನ್ನಿಗೆ ಹೆದರಿದ ಮಗುವಿನ ಕೈ ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿಯುವುದು ಇವನ್ನೆಲ್ಲ ನೋಡದ ಡಾಕ್ಟರಿಲ್ಲ. ತರಗತಿಯಲ್ಲಿ "ನೀವು ಯಾರಿಗಾದರೂ ಒರಟಾಗಿ ನಡೆದುಕೊಂಡಿದ್ದೀರಾ?" ಅಂತ ಕೇಳಿದರೆ ಒಂದು ಕೈಯೂ ಮೇಲೆ ಬರುವುದಿಲ್ಲ. ಈ ಕಥೆ ಓದಿಸಿ "ಈ ಡಾಕ್ಟರ ಬಗ್ಗೆ ಏನನ್ನಿಸುತ್ತೆ?" ಅಂತ ಕೇಳಿದರೆ ಅರ್ಧ ಗಂಟೆಯಲ್ಲಿ ತಮ್ಮದೇ ವಾರ್ಡಿನ ಮಾತು ತಾನಾಗಿ ಹೊರಬರುತ್ತದೆ. ಪರರ ಪಾತ್ರದ ಮರೆ ಸಿಕ್ಕಿದರೆ ಮನುಷ್ಯ ನಿಜ ಹೇಳುತ್ತಾನೆ. ಆಮೇಲೆ ನಾನು ಇನ್ನೊಂದು ಪ್ರಶ್ನೆ ಹಾಕುತ್ತೇನೆ: ಇದೇ ಕಥೆಯನ್ನು ಆ ಹುಡುಗಿ ಬರೆದಿದ್ದರೆ ಎಲ್ಲಿಂದ ಶುರುಮಾಡುತ್ತಿದ್ದಳು?

ಈ ಪ್ರಶ್ನೆ ಹಿಡಿದು ನಮ್ಮದೇ ಪುಸ್ತಕಗಳಿಗೆ ಹೋದರೆ ಗೊತ್ತಿದ್ದ ಕಥೆಗಳೂ ಬೇರೆಯಾಗಿ ಕಾಣುತ್ತವೆ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ನೀವೆಲ್ಲ ಓದಿದ್ದೀರಿ, ಇಲ್ಲವೇ ಸಿನಿಮಾ ನೋಡಿದ್ದೀರಿ. ನಾರಣಪ್ಪನ ಹೆಣ, ಪ್ಲೇಗು, ಶಾಸ್ತ್ರದ ಓಲೆಗರಿಗಳಲ್ಲಿ ಉತ್ತರ ಹುಡುಕುವ ಪ್ರಾಣೇಶಾಚಾರ್ಯರು, ಚಂದ್ರಿ, ಇವರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ನನ್ನ ಕಣ್ಣು ಹೋಗುವುದು ಭಾಗೀರಥಿಯ ಕಡೆಗೆ. ಆಚಾರ್ಯರ ಹೆಂಡತಿ, ಹಾಸಿಗೆ ಹಿಡಿದವಳು. ಆಚಾರ್ಯರು ಅವಳಿಗೆ ದಿನಾ ಸ್ನಾನ ಮಾಡಿಸುತ್ತಾರೆ, ಗಂಜಿ ಕುಡಿಸುತ್ತಾರೆ. ಅಗ್ರಹಾರವೆಲ್ಲ ಅವರನ್ನು ಕೊಂಡಾಡುತ್ತದೆ. ರೋಗಿಷ್ಟೆಯನ್ನು ಅವರು ಮದುವೆಯಾದದ್ದು ತಿಳಿದೂ ತಿಳಿದೇ. ಅದು ಅವರ ತಪಸ್ಸು, ಮೋಕ್ಷದ ದಾರಿ. ಅಂದರೆ ಅವಳ ಕಾಯಿಲೆ ಅವರಿಗೆ ಬೇಕಾಗಿದೆ. ಇನ್ನೊಂದು ಮದುವೆ ಮಾಡಿಕೊಳ್ಳಿ ಎಂದು ಅವಳು ಹೇಳಿದರೆ ಅವರು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವಳಿಗೆ ಏನು ಬೇಕು ಎಂದು ಕೇಳಿದವರು ಇಡೀ ಕಾದಂಬರಿಯಲ್ಲಿ ಯಾರಿದ್ದಾರೆ, ಹುಡುಕಿ ನೋಡಿ. ಪ್ಲೇಗು ಅವಳನ್ನೂ ಒಯ್ಯುತ್ತದೆ.

ಸೇವೆಯನ್ನು ಪುಣ್ಯವೆಂದು ನಂಬಿದ ನಾಡು ನಮ್ಮದು. ಸೇವೆ ಮಾಡುವವರ ದೊಡ್ಡತನಕ್ಕೆ ಸೇವೆ ಪಡೆಯುವವರು ಬರೀ ಸಾಧನವಾಗಿಬಿಡುವ ಅಪಾಯ ಇಲ್ಲಿದೆ. ವೃದ್ಧಾಶ್ರಮಕ್ಕೆ ಹಣ್ಣು ಹಂಚಲು ಹೋಗಿ ಫೋಟೋ ತೆಗೆಸಿಕೊಳ್ಳುವವರಲ್ಲಿ ಅದು ಢಾಳಾಗಿ ಕಾಣುತ್ತದೆ, ಆಚಾರ್ಯರಂಥ ಸಜ್ಜನರಲ್ಲಿ ಕಾಣುವುದಿಲ್ಲ. ಕಾಣಿಸಲು 1965ರ ಆ ಕಾದಂಬರಿ ಬೇಕಾಯಿತು.

ಇನ್ನೊಬ್ಬರು ತ್ರಿವೇಣಿ. ಮನಃಶಾಸ್ತ್ರ ಓದಿದವರು, 1963ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲಿ ತೀರಿಕೊಂಡರು. ಅವರ 'ಶರಪಂಜರ' 1971ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ಅಳದ ಮನೆಯಿರಲಿಲ್ಲ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ, ವಾಸಿಯಾಗುತ್ತದೆ, ಮನೆಗೆ ಬರುತ್ತಾಳೆ. ಸಾಧಾರಣ ಕಥೆಗಾರರಾದರೆ ಅಲ್ಲಿಗೆ ಶುಭಂ ಅನ್ನುತ್ತಿದ್ದರು. ತ್ರಿವೇಣಿಯವರ ಕಥೆಯ ಬಿರುಸು ಅಲ್ಲಿಂದ ಮುಂದಿನದು. ಅವಳು ಸಿಟ್ಟಾದರೆ ಹುಚ್ಚು ಮರುಕಳಿಸಿತು ಅನ್ನುತ್ತಾರೆ, ನಕ್ಕರೂ ಹಾಗೇ ನೋಡುತ್ತಾರೆ. ಗಂಡನ ಮನಸ್ಸು ಬೇರೆಲ್ಲೋ ಇದೆ. ಅದರ ಬಗ್ಗೆ ಅವಳಿಗೆ ಬರುವ ನ್ಯಾಯವಾದ ಕೋಪವೂ ರೋಗದ ಲಕ್ಷಣದ ಪಟ್ಟಿಗೆ ಸೇರುತ್ತದೆ. ಕಡೆಗೆ ಅವಳು ಹಿಂತಿರುಗಿ ಹೋಗುವುದು ಆಸ್ಪತ್ರೆಗೇ.

ಕೇಳುಗರೇ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಹತ್ತೊಂಬತ್ತನೆಯ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ಮನೆಯವರಿಲ್ಲ, ಅಥವಾ ಮನೆಯವರು ಒಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಮುಂದುವರಿಸಕೂಡದು. ಓದಿದಾಗ ನನಗೆ ಕಾವೇರಿಯ ಹೆಸರು ಅಲ್ಲಿ ಬರೆದಂತೆಯೇ ಅನಿಸಿತು. ಅವಳ ಕಥೆ ಬರೆದಾದ ಅರ್ಧ ಶತಮಾನದ ಮೇಲೆ ಕಾನೂನು ಅವಳ ಮನೆ ಬಾಗಿಲಿಗೆ ಬಂತು. ಗಂಡನ ಕೋಣೆಯೊಳಗೆ ಅದು ಈಗಲೂ ಹೋಗಲಾರದು. ಅಲ್ಲಿಗೆ ಹೋಗಬಲ್ಲದ್ದು ಕಾದಂಬರಿ ಮಾತ್ರ. ಕನ್ನಡದಲ್ಲಿ ಕಾಯಿಲೆಯ ಬಗ್ಗೆ ಬರೆದವರು ಇನ್ನೂ ಇದ್ದಾರೆ. ನಗಿಸಲು 'ಕೊರವಂಜಿ' ಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅನುಪಮಾ ನಿರಂಜನ ವೈದ್ಯೆಯಾಗಿದ್ದು ಕಾದಂಬರಿ ಬರೆದರು, ತಾವೇ ಕ್ಯಾನ್ಸರಿನ ರೋಗಿಯೂ ಆದರು. ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಕ್ಯಾನ್ಸರನ್ನು ಒಳಗಿನಿಂದ ಹೇಳಿದ ಪುಸ್ತಕ. ಕನ್ನಡದಲ್ಲಿ ಸಾಮಗ್ರಿಗೆ ಬರವಿಲ್ಲ. ಅದನ್ನು ವೈದ್ಯಕೀಯ ಕಾಲೇಜಿನ ಬಾಗಿಲೊಳಗೆ ಬಿಟ್ಟುಕೊಳ್ಳುವವರಿಗೆ ಬರ.

ಇಲ್ಲಿಯವರೆಗೆ ಕಲ್ಪನೆಯ ಮಾತಾಯಿತು. ಈಗ ನಡೆದ ಎರಡು ಕಥೆ. ಎರಡೂ 1973ರಲ್ಲಿ ಶುರುವಾದವು. ಇಬ್ಬರಿಗೂ ಆಗ ಇಪ್ಪತ್ತೈದು ವರ್ಷ.

ಮೊದಲನೆಯವನು ಅಮೆರಿಕದ ಟೆಕ್ಸಾಸಿನ ಡೊನಾಲ್ಡ್ ಕವರ್ಟ್. ಮುಂದೆ ಡ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡ. ಸೋರಿದ ಅನಿಲ ಹೊತ್ತಿಕೊಂಡು ಅಪ್ಪ ಸತ್ತ, ಇವನ ಮೈಯ ಬಹುಭಾಗ ಸುಟ್ಟಿತು, ಎರಡೂ ಕಣ್ಣು ಹೋದವು, ಬೆರಳುಗಳು ಹೋದವು. ಚಿಕಿತ್ಸೆಯ ನೋವು ತಾಳಲಾರದೆ, ಬಿಟ್ಟುಬಿಡಿ, ಸಾಯುತ್ತೇನೆ ಎಂದು ತಿಂಗಳುಗಟ್ಟಲೆ ಬೇಡಿಕೊಂಡ. ಅವನ ಬುದ್ಧಿ ಸ್ವಸ್ಥವಾಗಿದೆ ಎಂದು ಮನೋವೈದ್ಯರೇ ಹೇಳಿದರು. ಆದರೂ ಡಾಕ್ಟರುಗಳು ಕೇಳಿದ್ದು ಅವನ ತಾಯಿಯ ಮಾತನ್ನು. ಬದುಕಿದ, ಕಾನೂನು ಓದಿದ, ವಕೀಲನಾದ, ಮದುವೆಯಾದ, 2019ರಲ್ಲಿ ತೀರಿಕೊಂಡ. ನೋಡಿ, ಡಾಕ್ಟರು ಮಾಡಿದ್ದೇ ಒಳ್ಳೆಯದಾಯಿತಲ್ಲ ಅಂತ ನಮಗೆ ಅನ್ನಿಸುತ್ತದೆ. ಅವನು ಒಪ್ಪಲಿಲ್ಲ. ಬದುಕಿದ್ದಕ್ಕೆ ಸಂತೋಷವಿದೆ, ಆದರೂ ನನ್ನ ಮಾತು ಮೀರಿ ನಡೆದದ್ದು ಅನ್ಯಾಯವೇ ಎಂದು ಕೊನೆಯವರೆಗೂ ವೈದ್ಯರ ಸಭೆಗಳಲ್ಲಿ ನಿಂತು ವಾದಿಸಿದ. ಕಥೆ ಸುಖಾಂತವಾದ ಮಾತ್ರಕ್ಕೆ ನಡುವೆ ನಡೆದದ್ದು ಸರಿಯಾಗಿಬಿಡುವುದಿಲ್ಲ ಎಂದು ಹೇಳಲು ಆ ಕಥೆಯ ನಾಯಕನೇ ಬದುಕಿದ್ದ.

ಎರಡನೆಯವರಿಗೆ ಆ ಅವಕಾಶ ಸಿಗಲಿಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ. ಅದೇ ಆಸ್ಪತ್ರೆಯ ವೈದ್ಯರೊಬ್ಬರೊಂದಿಗೆ ಮದುವೆ ಗೊತ್ತಾಗಿತ್ತು. 1973ರ ನವೆಂಬರ್ 27ರ ಸಂಜೆ ಆಸ್ಪತ್ರೆಯ ಒಬ್ಬ ನೌಕರ ನಾಯಿಯ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಹಲ್ಲೆ ಮಾಡಿದ. ಮಿದುಳಿಗೆ ರಕ್ತ ಹೋಗದೆ ಅವರು ಮತ್ತೆಂದೂ ಮೊದಲಿನಂತಾಗಲಿಲ್ಲ. ಹಲ್ಲೆ ಮಾಡಿದವನಿಗೆ ದರೋಡೆ ಮತ್ತು ಕೊಲೆಯತ್ನಕ್ಕೆ ಏಳು ವರ್ಷ ಶಿಕ್ಷೆಯಾಯಿತು. ಲೈಂಗಿಕ ದೌರ್ಜನ್ಯದ ಮೊಕದ್ದಮೆ ದಾಖಲಾಗಲೇ ಇಲ್ಲ. ಅವರ ಕಥೆಯಿಂದ ಮೊದಲು ಬಿಟ್ಟುಹೋದ ಪುಟ ಅದು.

ನಲವತ್ತೊಂದು ವರ್ಷಕ್ಕೂ ಮೀರಿ ನಾಲ್ಕನೇ ವಾರ್ಡಿನ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಪತ್ರಕರ್ತೆ ಪಿಂಕಿ ವಿರಾನಿ 1998ರಲ್ಲಿ ಅವರ ಬಗ್ಗೆ ಪುಸ್ತಕ ಬರೆದರು, ಆಮೇಲೆ ಅವರ ಸ್ನೇಹಿತೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಉಣಿಸುವುದನ್ನು ನಿಲ್ಲಿಸಿ, ಅರುಣಾಗೆ ಘನತೆಯಿಂದ ಹೋಗಲು ಬಿಡಿ ಎಂದು ಅವರ ಮನವಿ. ಕೆಇಎಂನ ನರ್ಸುಗಳು ಎದ್ದು ನಿಂತರು. ಅವರು ಹೇಳಿದ ಅರುಣಾ ಬೇರೆ. ಅವಳಿಗೆ ಮೀನಿನ ಸಾರು ಇಷ್ಟ, ಬೇಡವಾದ್ದಕ್ಕೆ ದನಿ ತೆಗೆದು ತಿಳಿಸುತ್ತಾಳೆ, ಹಾಡು ಕೇಳುತ್ತಾಳೆ. ತಲೆಮಾರು ಕಳೆದರೂ ಅವರು ಅರುಣಾಗೆ ಒಂದು ಹಾಸಿಗೆ ಹುಣ್ಣಾಗಲು ಬಿಟ್ಟಿರಲಿಲ್ಲ. ಇಂಥ ರೋಗಿಯನ್ನು ನೋಡಿಕೊಂಡವರಿಗೆ ಗೊತ್ತು, ಅದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಕೈಗಳ ಲೆಕ್ಕ.

2011ರ ಮಾರ್ಚ್ 7ರಂದು ತೀರ್ಪು ಬಂತು. ಅತಿ ಅಪರೂಪದ ಸಂದರ್ಭದಲ್ಲಿ, ಹೈಕೋರ್ಟಿನ ಒಪ್ಪಿಗೆಯೊಂದಿಗೆ, ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹಿಂತೆಗೆಯಬಹುದು ಎಂದು ಕೋರ್ಟು ದೇಶಕ್ಕೆ ದಾರಿ ತೆರೆಯಿತು. ಅರುಣಾಗೆ ಮಾತ್ರ ಅನ್ವಯಿಸಲಿಲ್ಲ. ಅರುಣಾ ಪರವಾಗಿ ಮಾತಾಡುವ ಅಧಿಕಾರ ಪುಸ್ತಕ ಬರೆದವರಿಗಿಲ್ಲ, ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಇದೆ ಎಂದಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು.

ವಿದ್ಯಾರ್ಥಿಗಳು ಇಲ್ಲಿ ಎರಡು ಗುಂಪಾಗುತ್ತಾರೆ, ಜಗಳವೇ ಆಗುತ್ತದೆ. ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಎರಡೂ ಕಥೆಗಳು ಪ್ರೀತಿಯಿಂದ ಹೇಳಿದವು, ಎರಡರಲ್ಲೂ ಅರುಣಾ ಇಲ್ಲ. ಪುಸ್ತಕದ ಅರುಣಾ ಅಂದು ಸತ್ತುಹೋಗಿದ್ದಾಳೆ, ನರ್ಸುಗಳ ಅರುಣಾ ಮಗುವಾಗಿದ್ದಾಳೆ. ಸ್ವತಃ ನರ್ಸಾಗಿದ್ದ, ಇಂಥ ರೋಗಿಗಳನ್ನು ಕಣ್ಣಾರೆ ಕಂಡಿರಬಹುದಾದ ಇಪ್ಪತ್ತೈದರ ಹೆಣ್ಣುಮಗಳು ತನಗೆ ಹೀಗಾದರೆ ಏನು ಬೇಕು ಎಂದು ಯಾರೊಡನೆಯಾದರೂ ಒಂದು ಸಂಜೆ ಮಾತಾಡಿದ್ದಳೇ? ಯಾವ ಕಡತದಲ್ಲೂ ಅದಿಲ್ಲ.

ಕಥೆಗೆ ಇರುವ ಕೆಟ್ಟ ಶಕ್ತಿಯನ್ನೂ ಹೇಳಬೇಕು. ಚೆನ್ನಾಗಿ ಹೇಳಿದವನು ಗೆಲ್ಲುತ್ತಾನೆ. ನಿಮ್ಮ ಮೊಬೈಲಿಗೆ ದಿನಾ ಬರುವ ಸಹಾಯದ ಮನವಿಗಳನ್ನು ನೋಡಿ. ದೊಡ್ಡ ಕಣ್ಣಿನ ಮಗು, ಮೂಗಿನಲ್ಲಿ ನಳಿಕೆ, ಅಳುವ ತಾಯಿ. ಅದಕ್ಕೆ ಹಣ ಹರಿಯುತ್ತದೆ. ಪಕ್ಕದ ಹಾಸಿಗೆಯಲ್ಲಿ ಕುಡಿದು ಕುಡಿದು ಲಿವರು ಕೆಡಿಸಿಕೊಂಡ ನಲವತ್ತೈದರ ಹಮಾಲಿ, ಅವನಿಗೆ ಕಥೆಯಿಲ್ಲ, ಹಣವೂ ಇಲ್ಲ. ಇನ್ನು ಡಾಕ್ಟರುಗಳೇ ಹೇಳುವ ಕಥೆಗಳು. ಹೆಸರು ಬದಲಿಸಿದ್ದೇವೆ ಅನ್ನುತ್ತಾರೆ. ತಾಲ್ಲೂಕು ಕೇಂದ್ರದಲ್ಲಿ "ಬಸ್‌ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟ, ಕಾಲು ಎಳೆಯುವ ಹೆಂಗಸು" ಅಂದರೆ ಹೆಸರು ಯಾಕೆ ಬೇಕು? ಊರಿಗೇ ಗೊತ್ತಾಗುತ್ತದೆ. ರೋಗಿ ನಂಬಿ ಹೇಳಿಕೊಂಡದ್ದು ಔಷಧಕ್ಕಾಗಿ, ನಮ್ಮ ಲೇಖನಕ್ಕಾಗಿ ಅಲ್ಲ. ನಾನು ಗಂಗಮ್ಮನನ್ನು ಕಟ್ಟಿಕೊಂಡದ್ದು ಇದೇ ಕಾರಣಕ್ಕೆ. ಇಲ್ಲದ ಗಂಗಮ್ಮನಿಂದ ಯಾರ ಗುಟ್ಟೂ ರಟ್ಟಾಗುವುದಿಲ್ಲ.

ಮಾತು ಮುಗಿಸುವ ಮುನ್ನ ಒಂದು ಉಪಯೋಗದ ಸಂಗತಿ. 2018ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮುಂದೊಂದು ದಿನ ಮಾತಾಡಲಾರದ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಎತ್ತಿಹಿಡಿಯಿತು. 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಈಗ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಿಲ್ಲ. ವಯಸ್ಕರು ಯಾರೇ ಆಗಲಿ, ಬುದ್ಧಿ ಸ್ವಸ್ಥವಾಗಿರುವಾಗ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ತೀರ್ಮಾನಿಸುವವರು ಯಾರು ಎಂದು ಹೆಸರಿಸಬೇಕು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ರಾಜ್ಯದಲ್ಲಿ ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ಆಸ್ಪತ್ರೆಯಲ್ಲಿ ಎರಡು ಹಂತದ ವೈದ್ಯ ಮಂಡಳಿ ಪರಿಶೀಲಿಸಿದ ಮೇಲೆಯೇ ಬರೆದಿಟ್ಟ ಪತ್ರ ಕಾರ್ಯಗತವಾಗುತ್ತದೆ, ಆದ್ದರಿಂದ ಆಸ್ತಿಗಾಗಿ ಯಾರೋ ನಳಿಕೆ ಕಿತ್ತಾರು ಎಂಬ ಭಯ ಬೇಡ.

ಈ ಪತ್ರದಲ್ಲಿ ವೆಂಟಿಲೇಟರು ಬೇಕೇ, ಡಯಾಲಿಸಿಸ್ ಬೇಕೇ ಎಂದಷ್ಟೇ ಬರೆದು ಬಿಡಬೇಡಿ. ಜೊತೆಗೆ ಅರ್ಧ ಪುಟ ನಿಮ್ಮದೇ ಕನ್ನಡದಲ್ಲಿ ಬರೆದು ಲಗತ್ತಿಸಿ. ನೀವು ಯಾರು, ಯಾವುದು ಇಲ್ಲದಿದ್ದರೆ ಬದುಕು ನಿಮಗೆ ಬದುಕಲ್ಲ, ಯಾವುದಕ್ಕೆ ಹೆದರುತ್ತೀರಿ, ಯಾರ ಕೈಯಲ್ಲಿ ತೀರ್ಮಾನ ಇರಬೇಕು, ಯಾರ ಕೈಯಲ್ಲಿ ಇರಕೂಡದು. ಬರೆದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿ, ಒಂದು ಪ್ರತಿಯನ್ನು ನಿಮ್ಮ ಮನೆಯ ಡಾಕ್ಟರಿಗೆ ಕೊಡಿ.